ನಾಲ್ವರು ನರಸಿಂಹಾಚಾರ್ಯರು, ಒಬ್ಬ ನರಸಿಂಹಸ್ವಾಮಿ

ಕನ್ನಡದಲ್ಲಿ 'ನರಸಿಂಹಾಚಾರ್ ಅವರ ಪುಸ್ತಕ' ಎಂದರೆ ಏನನ್ನೂ ಹೇಳಿದ ಹಾಗಾಗುವುದಿಲ್ಲ. ಯಾವ ನರಸಿಂಹಾಚಾರ್ ಎಂಬ ಪ್ರಶ್ನೆ ಕೂಡಲೇ ಬರುತ್ತದೆ. ಕವಿಗಳ ಚರಿತ್ರೆ ಬರೆದ ಆರ್. ನರಸಿಂಹಾಚಾರ್ಯರೋ, ಅವರ ಜೊತೆಗಾರ ಎಸ್.ಜಿ. ನರಸಿಂಹಾಚಾರ್ಯರೋ, ಪಂಪನಿಗೆ ದೀಪಿಕೆ ಹಿಡಿದ ಡಿ.ಎಲ್. ನರಸಿಂಹಾಚಾರ್ಯರೋ, 'ಗೋಕುಲ ನಿರ್ಗಮನ'ದ ಪು.ತಿ. ನರಸಿಂಹಾಚಾರ್ಯರೋ? ಇವರ ಸಾಲಿನ ತುದಿಯಲ್ಲಿ, ಹೆಸರಿನ ಬಾಲವನ್ನು ಮಾತ್ರ ಬದಲಿಸಿಕೊಂಡು, 'ಮೈಸೂರ ಮಲ್ಲಿಗೆ'ಯ ಕೆ.ಎಸ್. ನರಸಿಂಹಸ್ವಾಮಿ ನಿಂತಿದ್ದಾರೆ.

ಊರಲ್ಲಿರುವವರಿಗೆ ಇದೊಂದು ತೊಡಕೇ ಅಲ್ಲ. ಅವರು ಇನಿಷಿಯಲ್ ಹಿಡಿದೇ ಮಾತಾಡುತ್ತಾರೆ: ಡಿ.ಎಲ್.ಎನ್., ಪುತಿನ, ಕೆ.ಎಸ್.ನ. ತೊಡಕು ಶುರುವಾಗುವುದು ನಮ್ಮಂಥವರಿಗೆ. ಮುಂಬೈ, ಪುಣೆಯ ಅರ್ಜಿಗಳಲ್ಲಿ ನಮ್ಮ ತಂದೆಯ ಹೆಸರು ಮಧ್ಯಕ್ಕೆ ಬಂದು, ಊರಿನ ಹೆಸರು ಅಡ್ಡಹೆಸರಾಗಿ, ನಮ್ಮ ಹೆಸರು ಮೊದಲಿಗೆ ಜಿಗಿಯುವುದನ್ನು ಎಲ್ಲರೂ ನೋಡಿದ್ದೇವೆ. ಅದೇ ಪದ್ಧತಿಯಲ್ಲಿ ಮಾಡಿದ ಪುಸ್ತಕಪಟ್ಟಿಗಳಲ್ಲಿ ಈ ನಾಲ್ವರೂ 'ನರಸಿಂಹಾಚಾರ್' ಎಂಬ ಒಂದೇ ಮನೆಯೊಳಗೆ ಸೇರಿಕೊಳ್ಳುತ್ತಾರೆ. ಕೆಲವು ಸ್ಕ್ಯಾನ್ ಪ್ರತಿಗಳ ಕಡತಕ್ಕಂತೂ ಇನಿಷಿಯಲ್ ಕೂಡ ಇರುವುದಿಲ್ಲ. ಕವಿತೆ ಬಯಸಿದವನಿಗೆ ಶಾಸನ ಸಿಗುತ್ತದೆ, ಶಾಸನ ಬಯಸಿದವನಿಗೆ ಗೀತನಾಟಕ.

ಈ ಬೆರಕೆಯನ್ನು ಬರಿಯ ಕಿರಿಕಿರಿ ಎಂದು ಬದಿಗಿಡಬಹುದು. ಆದರೆ ಕಳೆದ ಕೆಲವು ತಿಂಗಳು ಈ ಐವರ ಪುಸ್ತಕಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದ ಮೇಲೆ ನನಗೆ ಬೇರೆಯೇ ಒಂದು ಅನುಮಾನ ಹುಟ್ಟಿದೆ. ಊರು ಬಿಟ್ಟ ಓದುಗರಾದ ನಾವು ಈ ಐವರಲ್ಲಿ ಕೊನೆಯವರನ್ನು, ಅವರನ್ನೂ ಹೆಚ್ಚಾಗಿ ಹಾಡಿನ ಮೂಲಕ, ಉಳಿಸಿಕೊಂಡು ಉಳಿದ ನಾಲ್ವರನ್ನು ಪರೀಕ್ಷೆಯ ಪ್ರಶ್ನೆಪತ್ರಿಕೆಗೆ ಬಿಟ್ಟುಕೊಟ್ಟಿದ್ದೇವೆ. ಹಾಗೆ ಬಿಟ್ಟುಕೊಟ್ಟದ್ದರಿಂದ ಕೊನೆಯವರೂ ನಮಗೆ ಪೂರ್ತಿ ಸಿಕ್ಕಿಲ್ಲ.

ಮೊದಲನೆಯವರಿಂದಲೇ ಆರಂಭಿಸೋಣ. ಆರ್. ನರಸಿಂಹಾಚಾರ್ಯರು 1860ರಲ್ಲಿ ಹುಟ್ಟಿದವರು. ಬಿ.ಎಲ್. ರೈಸ್ ಅವರ ನಂತರ ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯನ್ನು 1906ರಿಂದ 1922ರವರೆಗೆ ನಡೆಸಿದವರು. ಶ್ರವಣಬೆಳಗೊಳದ ಶಾಸನಗಳ ಸಂಪುಟವನ್ನು ರೈಸ್ 1889ರಲ್ಲಿ ತಂದಾಗ ಅದರಲ್ಲಿ 144 ಶಾಸನಗಳಿದ್ದವು. ಆರ್. ನರಸಿಂಹಾಚಾರ್ಯರು ಅದನ್ನು ಪರಿಷ್ಕರಿಸಿ 1923ರಲ್ಲಿ ಹೊರತಂದಾಗ ಸಂಖ್ಯೆ 500ಕ್ಕೆ ಏರಿತ್ತು. ಬೆಟ್ಟ ಹಳೆಯದೇ, ಬಂಡೆಗಳೂ ಹಳೆಯವೇ; ಹೊಸದಾಗಿ ಸೇರಿದ್ದು ಮತ್ತೊಮ್ಮೆ ಹತ್ತಿ ನೋಡುವ ಕಣ್ಣು.

ಅದೇ ಕಣ್ಣು 'ಕರ್ಣಾಟಕ ಕವಿಚರಿತೆ'ಯಲ್ಲೂ ಇದೆ. ಮೊದಲ ಸಂಪುಟ 1907ರಲ್ಲಿ, ಎರಡನೆಯದು 1919ರಲ್ಲಿ, ಮೂರನೆಯದು 1929ರಲ್ಲಿ. ಒಟ್ಟು 22 ವರ್ಷಗಳ ಪ್ರಕಟಣೆ. ಅದರ ಹಿಂದಿನ ಹುಡುಕಾಟ ಇನ್ನೂ ಉದ್ದ. ಹದಿನಾಲ್ಕನೆಯ ಶತಮಾನದವರೆಗಿನ ಕವಿಗಳು ಮೊದಲ ಸಂಪುಟದಲ್ಲಿ, ಮುಂದಿನ ಮೂರು ಶತಮಾನಗಳವರು ಎರಡನೆಯದರಲ್ಲಿ, ಆಮೇಲಿನವರು ಮೂರನೆಯದರಲ್ಲಿ. ಪ್ರತಿ ಕವಿಗೂ ಕಾಲ, ಮತ, ಆಶ್ರಯದಾತ, ಗ್ರಂಥ, ಪೂರ್ವಕವಿಗಳ ಸ್ಮರಣೆ, ಕೊನೆಗೆ ಮಾದರಿಗೆ ಕೆಲವು ಪದ್ಯಗಳು. ಓದುವಾಗ ಇದು ಪುಸ್ತಕಕ್ಕಿಂತ ಹೆಚ್ಚಾಗಿ ಜನಗಣತಿಯ ದಾಖಲೆಯಂತೆ ಕಾಣುತ್ತದೆ, ನಿಜ. ಆದರೆ ಗಮನಿಸಿ: ಹಳಗನ್ನಡದ ಎಷ್ಟೋ ಕಾವ್ಯಗಳು ಅಚ್ಚಾಗುವ ಮೊದಲೇ ಈ ಗಣತಿ ನಡೆಯಿತು. ಯಾವುದನ್ನು ಹುಡುಕಬೇಕು ಎಂಬುದಾದರೂ ಗೊತ್ತಾಗಲಿ ಎಂದು ಮಾಡಿದ ಪಟ್ಟಿ ಇದು.

ಈ ಮೊದಲ ಸಂಪುಟದ ಮೇಲೆ ಇಬ್ಬರು ನರಸಿಂಹಾಚಾರ್ಯರ ಹೆಸರಿದೆ ಎಂಬುದು ನನ್ನ ವಿಷಯಕ್ಕೆ ತಾನಾಗಿ ಒದಗಿದ ಭಾಗ್ಯ. ಎಸ್.ಜಿ. ನರಸಿಂಹಾಚಾರ್ಯರು ಎಂ.ಎ. ರಾಮಾನುಜಯ್ಯಂಗಾರ್ಯರೊಡನೆ 1892ರಲ್ಲಿ 'ಕರ್ನಾಟಕ ಕಾವ್ಯಮಂಜರಿ' ಆರಂಭಿಸಿ, ಓಲೆಗರಿಯಲ್ಲಿದ್ದ ಕಾವ್ಯಗಳನ್ನು ಕಂತುಕಂತಾಗಿ ಅಚ್ಚಿಗೆ ತಂದವರು. ಒಬ್ಬರು ಪಟ್ಟಿ ಮಾಡುವವರು, ಇನ್ನೊಬ್ಬರು ಅಚ್ಚು ಹಾಕಿಸುವವರು. ಕವಿಚರಿತೆಯ ಮುಂದಿನ ಸಂಪುಟಗಳು ಬರುವ ಹೊತ್ತಿಗೆ ಎಸ್.ಜಿ. ಇರಲಿಲ್ಲ. ಇಂದು 'ಕವಿಚರಿತೆಯ ನರಸಿಂಹಾಚಾರ್ಯರು' ಎಂದಾಗ ನೆನಪಾಗುವುದು ಒಬ್ಬರೇ. ಹೆಸರು ಬೇರೆಯಾಗಿದ್ದಿದ್ದರೆ ಇನ್ನೊಬ್ಬರೂ ನೆನಪಿರುತ್ತಿದ್ದರೇನೋ. ಒಂದೇ ಹೆಸರು ಇಬ್ಬರಿಗೆ ಸಾಲದೆ ಹೋದ ಉದಾಹರಣೆ ಇದು.

ಕವಿಚರಿತೆಯನ್ನು ವಿಮರ್ಶೆಯ ಪುಸ್ತಕವೆಂದು ತೆರೆದರೆ ನಿರಾಸೆಯಾಗುತ್ತದೆ. ಬಂಧ ಪ್ರೌಢ, ಶೈಲಿ ಲಲಿತ ಎಂಬ ಬಗೆಯ ಮಾತುಗಳೇ ಕವಿಯಿಂದ ಕವಿಗೆ ತಿರುಗಿ ಬರುತ್ತವೆ. ಪಂಪನೂ ಅಷ್ಟೇ ಸಾಲಿನ ಶಿಸ್ತಿನಲ್ಲಿ, ಯಾರೂ ಕೇಳರಿಯದ ಕವಿಯೂ ಅಷ್ಟೇ ಶಿಸ್ತಿನಲ್ಲಿ. ಮೊದಮೊದಲು ನನಗೆ ಇದು ರಸವಿಲ್ಲದ ಕೆಲಸವೆನಿಸಿತು. ಓದುತ್ತಾ ಹೋದಂತೆ ಇದೊಂದು ನ್ಯಾಯವೂ ಹೌದು ಎನಿಸಿತು: ಯಾರು ದೊಡ್ಡವರು ಎಂಬ ತೀರ್ಪನ್ನು ಮುಂದಿನವರಿಗೆ ಬಿಟ್ಟು, ಯಾರು ಇದ್ದರು ಎಂಬುದನ್ನಷ್ಟೇ ಹೇಳುವ ನ್ಯಾಯ. ಇದೇ ಮನುಷ್ಯ 'ನಗೆಗಡಲು' ಎಂಬ ಹಾಸ್ಯದ ಪುಸ್ತಕವನ್ನೂ, ತಮಿಳಿನ ನೀತಿಪದ್ಯಗಳನ್ನು ಕನ್ನಡಕ್ಕೆ ತಂದ 'ನೀತಿಮಂಜರಿ'ಯನ್ನೂ ಬರೆದಿದ್ದಾರೆ ಎಂಬುದನ್ನು ಚೆನ್ನೈಯ ಗೆಳೆಯರು ಗಮನಿಸಬೇಕು. ಬಂಡೆಯನ್ನು ಓದುವ ಪಂಡಿತರಿಗೆ ನಗು ಗೊತ್ತಿರಲಿಲ್ಲ ಎಂದುಕೊಳ್ಳಬೇಕಾಗಿಲ್ಲ.

ಪಟ್ಟಿ ಮಾಡಿದ್ದಾಯಿತು, ಅಚ್ಚು ಹಾಕಿದ್ದಾಯಿತು. ಅಚ್ಚಾದದ್ದು ಸರಿಯಾಗಿದೆಯೇ? ಈ ಪ್ರಶ್ನೆಗೆ ಜೀವಮಾನ ತೆತ್ತವರು ಮೂರನೆಯ ನರಸಿಂಹಾಚಾರ್ಯರು, ಡಿ.ಎಲ್. ಅವರ ಹೆಸರಿನ 'ಡಿ' ಎಂದರೆ ದೊಡ್ಡಬೆಲೆ ಎಂಬ ಊರು, 'ಎಲ್' ಎಂದರೆ ಲಕ್ಷ್ಮೀ: ದೊಡ್ಡಬೆಲೆ ಲಕ್ಷ್ಮೀನರಸಿಂಹಾಚಾರ್. ಹುಟ್ಟಿದ್ದು 1906ರಲ್ಲಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತೆರೆದಾಗ ಮೊದಲ ತಂಡದಲ್ಲಿ ಕುವೆಂಪು ಅವರ ಸಹಪಾಠಿ. ಒಂದೇ ತರಗತಿಯ ಇಬ್ಬರಲ್ಲಿ ಒಬ್ಬರು ಹೊಸ ಮಹಾಕಾವ್ಯ ಬರೆಯಲು ಹೋದರು, ಇನ್ನೊಬ್ಬರು ಹಳೆಯ ಮಹಾಕಾವ್ಯದ ಅಕ್ಷರ ತಿದ್ದಲು ಕೂತರು. ಯಾವುದು ದೊಡ್ಡದು ಎಂದು ಕೇಳಿದರೆ ಲೋಕ ಒಂದೇ ಉತ್ತರ ಕೊಡುತ್ತದೆ. ನಾನು ಅಷ್ಟು ಬೇಗ ಕೊಡಲಾರೆ.

ಏಕೆಂದರೆ ಡಿ.ಎಲ್.ಎನ್. ಮಾಡಿದ ಕೆಲಸ ಏನೆಂದು ನಮಗೆ ಯಾರೂ ಸರಿಯಾಗಿ ಹೇಳಿಕೊಟ್ಟಿಲ್ಲ. 1964ರಲ್ಲಿ ಬಂದ ಅವರ 'ಕನ್ನಡ ಗ್ರಂಥಸಂಪಾದನೆ' ಓದಿದರೆ ಗೊತ್ತಾಗುತ್ತದೆ. ಓಲೆಗರಿಯಲ್ಲಿ ಎ ಮತ್ತು ಏ, ಒ ಮತ್ತು ಓ ಬೇರೆಬೇರೆಯಾಗಿ ಕಾಣುವುದಿಲ್ಲ. ಅಲ್ಪಪ್ರಾಣ ಮಹಾಪ್ರಾಣಗಳು ಬೆರೆಯುತ್ತವೆ. ನಕಲು ಮಾಡುವವನ ಕಣ್ಣು ಒಂದು ಸಾಲಿನಿಂದ ಅದರಂತೆಯೇ ಮುಗಿಯುವ ಇನ್ನೊಂದಕ್ಕೆ ಜಾರಿದರೆ ನಡುವಿನದು ಮಾಯ. ಎಲ್ಲಕ್ಕಿಂತ ಅಪಾಯಕಾರಿ ನಕಲುಗಾರನ ತಿಳಿವಳಿಕೆ: ಗೊತ್ತಿಲ್ಲದ ಹಳೆಯ ಪದ ಎದುರಾದಾಗ ಅವನು ಗೊತ್ತಿರುವ ಹೊಸ ಪದ ಹಾಕಿಬಿಡುತ್ತಾನೆ. ಪ್ರತಿ ಸುಲಭವಾಗುತ್ತದೆ, ಕವಿ ದೂರವಾಗುತ್ತಾನೆ. ಹೀಗಾಗಿ ಎರಡು ಪಾಠಗಳಿದ್ದಾಗ ಓದಲು ಸುಖವಾದುದನ್ನೇ ಅನುಮಾನಿಸಬೇಕಾಗುತ್ತದೆ. ವಾಟ್ಸಾಪಿನಲ್ಲಿ ಹತ್ತು ಕೈ ದಾಟಿ ಬರುವ ಕವಿತೆ ಹೇಗೆ ಬರುತ್ತದೆ ಎಂದು ನೋಡಿರುವ ನಮಗೆ ಈ ಮಾತು ಬೇಗ ಅರ್ಥವಾಗಬೇಕು. ಅಲ್ಲೂ ಕಷ್ಟದ ಪದ ಮೊದಲು ಬೀಳುತ್ತದೆ, ಆಮೇಲೆ ಸಾಲು ಬೀಳುತ್ತದೆ, ಕೊನೆಗೆ ಕವಿಯ ಹೆಸರು.

ಈ ಎಚ್ಚರದಿಂದಲೇ ಅವರು 1949ರಲ್ಲಿ 'ವಡ್ಡಾರಾಧನೆ'ಯನ್ನು ಸಂಪಾದಿಸಿದರು. ಜೈನ ಸಾಧಕರ 19 ಕಥೆಗಳ ಆ ಹಳೆಯ ಗದ್ಯವನ್ನು ಇಂದು ನಾವು ನಂಬಿ ಓದಬಹುದಾದರೆ ಅದರ ಹಿಂದೆ ಅವರ ಕಣ್ಣಿದೆ. 'ಪಂಪಭಾರತ ದೀಪಿಕೆ' ಹೊರಬಂದದ್ದು 1971ರಲ್ಲಿ. ಅವರು ತೀರಿಕೊಂಡದ್ದೂ ಅದೇ ವರ್ಷ. 'ವಿಕ್ರಮಾರ್ಜುನ ವಿಜಯ'ದ 14 ಆಶ್ವಾಸಗಳ ಪದ್ಯಗಳನ್ನು ಬಿಡಿಸಿ, ಅನ್ವಯಿಸಿ, ಅರ್ಥ ಹೇಳಿ, ಅರ್ಥ ನಿಲ್ಲದ ಕಡೆ ನಿಲ್ಲುವುದಿಲ್ಲ ಎಂದು ಬರೆದ ಪುಸ್ತಕ ಅದು. ನನಗೆ ಅದರಲ್ಲಿ ಬಹಳ ಹಿಡಿಸುವುದು ಈ ಕೊನೆಯ ಗುಣ. ಅರ್ಥ ಸ್ಪಷ್ಟವಿಲ್ಲದ ಕಡೆ ಜಾಣತನದಿಂದ ದಾಟುವ ವ್ಯಾಖ್ಯಾನಕಾರರು ಬೇಕಾದಷ್ಟಿದ್ದಾರೆ. ಅನುಮಾನವಿದೆ ಎಂದು ಬರೆದು ಮುಂದೆ ಹೋಗುವವರು ಕಡಿಮೆ.

ಕೊರತೆಯನ್ನೂ ಹೇಳಬೇಕು. ಡಿ.ಎಲ್.ಎನ್. ಪಂಪನ ಬಾಗಿಲವರೆಗೆ ಕೈ ಹಿಡಿದು ಕರೆದುಕೊಂಡು ಹೋಗುತ್ತಾರೆ, ಒಳಗೆ ಹೋಗಿ ಏನು ನೋಡಬೇಕೆಂದು ಹೇಳುವುದು ಕಡಿಮೆ. ಕರ್ಣನ ಸಂಕಟ ಇಂದಿನ ಓದುಗನಿಗೆ ಏಕೆ ತಾಗಬೇಕು ಎಂಬ ಪ್ರಶ್ನೆಗೆ ದೀಪಿಕೆಯಲ್ಲಿ ಉತ್ತರ ಹುಡುಕಿದರೆ ಸಿಗದು. ಹಳಗನ್ನಡದ ಮೇಷ್ಟರೇ ಸಿಗದ ಊರಿನಲ್ಲಿ ಕೂತು ಓದುವವರಿಗೆ ಆ ಮೌನ ಇನ್ನೂ ಭಾರ. ಆದರೂ ಶನಿವಾರಕ್ಕೊಂದು ಪದ್ಯದಂತೆ ದೀಪಿಕೆ ಹಿಡಿದು ಓದಿದರೆ ಪಂಪ ದಕ್ಕುತ್ತಾನೆ. ಇದು ನನ್ನ ಅನುಭವದ ಮಾತು.

ನಾಲ್ಕನೆಯವರು ಪು.ತಿ. ನರಸಿಂಹಾಚಾರ್. ಪುರೋಹಿತ ತಿರುನಾರಾಯಣ ನರಸಿಂಹಾಚಾರ್. ಹುಟ್ಟಿದ್ದು 1905ರಲ್ಲಿ, ಮೇಲುಕೋಟೆಯಲ್ಲಿ. ಊರಿನ ನೆತ್ತಿಯ ಮೇಲೆ ಯೋಗನರಸಿಂಹ, ಊರಿನೊಳಗೆ ತಿರುನಾರಾಯಣ. ಅಪ್ಪನ ಹೆಸರು, ಮಗನ ಹೆಸರು ಎರಡೂ ಊರಿನ ದೇವರದೇ ಆಗಿರುವ ಈ ಹೆಸರನ್ನು ಬಿಡಿಸಿದರೆ ಮೇಲುಕೋಟೆಯ ನಕ್ಷೆಯೇ ಬಿಚ್ಚಿಕೊಳ್ಳುತ್ತದೆ. ಹಿಂದಿನ ಮೂವರು ಹಳೆಯದನ್ನು ಕಾಯ್ದವರಾದರೆ ಇವರು ಅದರ ಧಾತುವಿನಿಂದ ಹೊಸದನ್ನು ಕಟ್ಟಿದವರು. 1933ರ 'ಹಣತೆ'ಯಿಂದ 'ಶ್ರೀಹರಿಚರಿತೆ' ಎಂಬ ಮಹಾಕಾವ್ಯದವರೆಗೆ, ನಡುವೆ 'ಅಹಲ್ಯೆ', 'ಗೋಕುಲ ನಿರ್ಗಮನ', 'ಹಂಸದಮಯಂತಿ' ಮೊದಲಾದ ಹಾಡಿನ ನಾಟಕಗಳು, 'ಈಚಲ ಮರದ ಕೆಳಗೆ'ಯಂಥ ಪ್ರಬಂಧಗಳು.

ಇವರ ಭಾಷೆ ಸುಲಭವಲ್ಲ. ಸಂಸ್ಕೃತ ಸಮಾಸದ ಪಕ್ಕದಲ್ಲೇ ಹಳಗನ್ನಡದ ಪದವೊಂದು ಬಂದು ಕೂರುತ್ತದೆ, ಅದರ ಪಕ್ಕದಲ್ಲಿ ಮನೆಮಾತು. ಕೆಲವು ಕವಿತೆಗಳಲ್ಲಿ ಈ ಜೋಡಣೆ ಬಿಗಿಯಾಗದೆ ಕಾವ್ಯ ಭಾರವಾಗುತ್ತದೆ. ದೇವರಲ್ಲಿ ನಂಬಿಕೆಯಿಲ್ಲದ ಓದುಗ ಅರ್ಧದಲ್ಲೇ ಪುಸ್ತಕ ಮುಚ್ಚುವುದೂ ಉಂಟು. ಆದರೆ 'ಗೋಕುಲ ನಿರ್ಗಮನ'ವನ್ನು ಮಾತ್ರ ಯಾರೂ ಹಾಗೆ ಮುಚ್ಚಬಾರದು. ಬಿ.ವಿ. ಕಾರಂತರು ಅದನ್ನು ರಂಗಕ್ಕೆ ತಂದು ಅದರ ಸಂಗೀತದ ಬಲವನ್ನು ತೋರಿಸಿದರು. ನಾನು ಹೇಳುತ್ತಿರುವುದು ಪುಟದ ಮೇಲಿನ ಬಲವನ್ನು. ಕಥೆ ಎಲ್ಲರಿಗೂ ಗೊತ್ತಿರುವುದೇ: ಅಕ್ರೂರ ರಥ ತರುತ್ತಾನೆ, ಕೃಷ್ಣ ಮಥುರೆಗೆ ಹೊರಡುತ್ತಾನೆ. ಮುಂದೆ ಕಂಸವಧೆಯಿದೆ, ರಾಜಕಾರಣವಿದೆ, ಕೀರ್ತಿಯಿದೆ. ಪುತಿನ ಆ ಕಡೆಗೆ ಹೋಗುವುದೇ ಇಲ್ಲ. ಹೊರಡುವ ಗಳಿಗೆಯಲ್ಲೇ ನಾಟಕವನ್ನು ನಿಲ್ಲಿಸಿಕೊಳ್ಳುತ್ತಾರೆ. ಕೊಳಲು ಗೋಕುಲದ್ದು, ಮಥುರೆಯಲ್ಲಿ ಅದಕ್ಕೆ ಕೆಲಸವಿಲ್ಲ.

ಊರು ಬಿಟ್ಟವರ ಬಗ್ಗೆ ನಾವೆಲ್ಲ ಬೇಕಾದಷ್ಟು ಬರೆದುಕೊಂಡಿದ್ದೇವೆ. ಆ ಬರವಣಿಗೆಯಲ್ಲಿ ಹೆಚ್ಚಿನದು ಹೋದವನ ಬಾಯಿಂದ ಬಂದದ್ದು. ಹೋದವನ ನೆನಪು, ಹೋದವನ ಹಂಬಲ, ಹೋದವನ ಹಬ್ಬದೂಟ. ಉಳಿದವರ ಕಡೆಯಿಂದ ನೋಡಿದರೆ ಹೊರಡುವುದು ಹೇಗಿರುತ್ತದೆ? ಪುತಿನ ನಾಟಕ ಕೇಳುವುದು ಈ ಪ್ರಶ್ನೆಯನ್ನು. ಹೊರಡುವವನಿಗೆ ಕಾರಣವಿದೆ, ಕರ್ತವ್ಯವಿದೆ, ರಥವಿದೆ. ಉಳಿದವರಿಗೆ ಹಾಡು ಮಾತ್ರ ಇದೆ. ಕೃಷ್ಣನನ್ನು ತಪ್ಪಿತಸ್ಥನನ್ನಾಗಿ ಮಾಡದೆ, ಗೋಕುಲದ ದುಃಖವನ್ನು ಬರಿ ಅಳುವನ್ನಾಗಿಯೂ ಮಾಡದೆ ಇದನ್ನು ಹೇಳಿರುವುದು ಈ ಕೃತಿಯ ದೊಡ್ಡತನ. 1945ರ ಈ ನಾಟಕಕ್ಕಿಂತ ನಮಗೆ ಹತ್ತಿರದ ಪುಸ್ತಕ ನಮ್ಮ ಕಾಲದಲ್ಲೂ ಬಂದಂತೆ ನನಗೆ ಕಾಣುವುದಿಲ್ಲ.

ಮತ್ತೆ, ಪುತಿನ ಅವರ ಆ ಕಷ್ಟದ ಪದಗಳು ಎಲ್ಲಿಂದ ಬಂದವು? ಹಿಂದಿನ ಮೂವರು ಪಟ್ಟಿ ಮಾಡಿ, ಅಚ್ಚು ಹಾಕಿ, ತಿದ್ದಿದ ಲೋಕದಿಂದಲೇ. ಹಳಗನ್ನಡ ಪುಸ್ತಕದಂಗಡಿಯಲ್ಲಿ ಸಿಗುವ ವಸ್ತುವಾಗಿದ್ದು ಇವರ ತಲೆಮಾರಿನ ಹೊತ್ತಿಗೆ. ಆ ಸೌಲಭ್ಯವಿಲ್ಲದಿದ್ದರೆ ಇವರ ನುಡಿಗಟ್ಟು ಬೇರೆಯೇ ಆಗಿರುತ್ತಿತ್ತು.

ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ್ದು 1915ರಲ್ಲಿ, ಕಿಕ್ಕೇರಿಯಲ್ಲಿ. ಇಂದಿನ ಲೆಕ್ಕದಲ್ಲಿ ಮೇಲುಕೋಟೆಯೂ ಕಿಕ್ಕೇರಿಯೂ ಮಂಡ್ಯ ಜಿಲ್ಲೆಯವೇ. ಒಬ್ಬ ನರಸಿಂಹ ಬೆಟ್ಟದ ದೇಗುಲದ ಕಡೆ ನೋಡಿದರೆ ಇನ್ನೊಬ್ಬ ಮನೆಯ ಹಜಾರದ ಕಡೆ ನೋಡಿದರು. 1942ರ 'ಮೈಸೂರ ಮಲ್ಲಿಗೆ'ಯನ್ನು ನಾನು ಪರಿಚಯಿಸಬೇಕಾಗಿಲ್ಲ. ಪುಸ್ತಕ ಮುಟ್ಟದವರಿಗೂ ಅದರ ಹಾಡುಗಳು ಬಾಯಿಗೆ ಬರುತ್ತವೆ. ಹೊರನಾಡಿನ ರಾಜ್ಯೋತ್ಸವದಲ್ಲಿ ಅವಿಲ್ಲದೆ ಕಾರ್ಯಕ್ರಮ ಮುಗಿಯುವುದು ಕಡಿಮೆ.

ನನ್ನ ತಕರಾರು ಇರುವುದು ಇಲ್ಲೇ. ಹಾಡಿಗೆ ಒಗ್ಗಿದ ಕೆ.ಎಸ್.ನ. ನಮಗೆ ಸಾಕಾಗಿಬಿಟ್ಟಿದ್ದಾರೆ. 'ಶಿಲಾಲತೆ' 1958ರಲ್ಲಿ ಬಂತು. ನವ್ಯದ ಗಾಳಿ ಬೀಸುತ್ತಿದ್ದಾಗ, ಜನಪ್ರಿಯತೆಯ ತುದಿಯಲ್ಲಿದ್ದ ಕವಿಯೊಬ್ಬರು ತಮ್ಮ ದನಿಯನ್ನೇ ಅನುಮಾನಿಸಿ ಬರೆದ ಸಂಕಲನ ಅದು. ಸಲೀಸಾದ ಪ್ರಾಸ ಸಡಿಲಗೊಳ್ಳುತ್ತದೆ, ಮನೆ ಮೊದಲಿನಷ್ಟು ಬೆಚ್ಚಗಿರುವುದಿಲ್ಲ, ಮಾತು ತಡೆತಡೆದು ಬರುತ್ತದೆ. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ 'ತೆರೆದ ಬಾಗಿಲು' 1976ರದು. ಇವೆರಡನ್ನು ಓದದೆ 'ಮೈಸೂರ ಮಲ್ಲಿಗೆ'ಯನ್ನು ಪ್ರೀತಿಸುವುದು ಸುಲಭ. ಓದಿದ ಮೇಲೆ ಪ್ರೀತಿಸುವುದು ಬೇರೆ: ಆ ಮೊದಲ ಸುಖವನ್ನು ಕವಿ ತಾನೇ ಬಿಟ್ಟು ಹೊರಟದ್ದು ಗೊತ್ತಿರುತ್ತದೆ. ಹಾಡಾಗುವ ಪದ್ಯಗಳಷ್ಟೇ ಉಳಿದು ಹಾಡಾಗದವು ಬಿದ್ದುಹೋಗುವುದು ಕೂಡ ಒಂದು ಬಗೆಯ ನಕಲುದೋಷ. ಡಿ.ಎಲ್.ಎನ್. ಓಲೆಗರಿಗೆ ಹೇಳಿದ ಎಚ್ಚರ ಇಲ್ಲಿಗೂ ಸಲ್ಲುತ್ತದೆ: ಸುಖವಾದ ಪಾಠವನ್ನೇ ಅನುಮಾನಿಸು.

ಈ ಐವರೂ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರೆ ಲೆಕ್ಕ ಚೆಂದವಾಗಿರುತ್ತಿತ್ತು. ಎಸ್.ಜಿ. ಬಿಟ್ಟು ನಾಲ್ವರು ಆಗಿದ್ದಾರೆ: ಆರ್. 1918ರಲ್ಲಿ ಧಾರವಾಡದಲ್ಲಿ, ಡಿ.ಎಲ್. 1960ರಲ್ಲಿ ಬೀದರಿನಲ್ಲಿ, ಪು.ತಿ. 1981ರಲ್ಲಿ ಚಿಕ್ಕಮಗಳೂರಿನಲ್ಲಿ, ಕೆ.ಎಸ್. 1990ರಲ್ಲಿ ಮೈಸೂರಿನಲ್ಲಿ. ಒಂದೇ ಹೆಸರು ಇಷ್ಟು ಸಲ ಅದೇ ಪೀಠಕ್ಕೆ ಹೋದದ್ದು ಕಾಕತಾಳೀಯವೇ? ಪೂರ್ತಿ ಅಲ್ಲ. ಆಚಾರ್ ಎಂಬ ನಾಲ್ವರೂ ಹಳೆಯ ಮೈಸೂರಿನ ಶ್ರೀವೈಷ್ಣವ ಮನೆತನಗಳಿಂದ ಬಂದವರು. ಓಲೆಗರಿ, ಸಂಸ್ಕೃತ, ಸರ್ಕಾರಿ ಕೆಲಸ, ಹೊಸ ವಿಶ್ವವಿದ್ಯಾನಿಲಯ ಇವೆಲ್ಲ ಮೊದಲು ಎಟುಕಿದ್ದು ಯಾರಿಗೆ ಎಂಬುದನ್ನು ಈ ಹೆಸರಿನ ಪುನರಾವರ್ತನೆಯೇ ಹೇಳುತ್ತದೆ. ಕವಿಚರಿತೆ ಲೆಕ್ಕಕ್ಕೆ ಹಿಡಿದದ್ದು ಬರಹದಲ್ಲಿ ಉಳಿದವರನ್ನು. ಬಾಯಲ್ಲಿ ಉಳಿದವರು ಅದರ ಕಣ್ಣಿಗೆ ಬೀಳಲಿಲ್ಲ. ಅದೇ ಕಾಲದಲ್ಲಿ ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು ವಚನಗಳ ಕಟ್ಟುಗಳನ್ನು ಹುಡುಕಿ 1923ರಲ್ಲಿ 'ವಚನಶಾಸ್ತ್ರ ಸಾರ' ತಂದರು. ಕನ್ನಡದ ಪಟ್ಟಿ ಪೂರ್ಣವಾಗಲು ಬೇರೆ ಹೆಸರುಗಳು, ಬೇರೆ ಊರುಗಳು ಬೇಕಾದವು. ಇದನ್ನು ಮರೆತು ನರಸಿಂಹಾಚಾರ್ಯರನ್ನು ಹೊಗಳಿದರೆ ಅವರಿಗೂ ನ್ಯಾಯವಾಗುವುದಿಲ್ಲ.

ಹಾಗೆಂದು ಅವರ ಮಿತಿಯನ್ನು ಹೇಳಿ ಪುಸ್ತಕ ತೆರೆಯದೆ ಇರುವುದೂ ಈಗ ಒಂದು ರೂಢಿಯಾಗಿದೆ. ಅದು ಸೋಮಾರಿತನಕ್ಕೆ ಸಿದ್ಧಾಂತದ ಅಂಗಿ ತೊಡಿಸಿದಂತೆ. ಪಟ್ಟಿಯಲ್ಲಿ ಯಾರಿಲ್ಲ ಎಂದು ಹೇಳಬೇಕಾದರೂ ಪಟ್ಟಿ ಓದಿರಬೇಕು.

ಹೊರನಾಡಿನ ಕಪಾಟು ಚಿಕ್ಕದು, ಬಾಡಿಗೆ ಮನೆ ಬದಲಿಸುವಾಗ ಇನ್ನೂ ಚಿಕ್ಕದಾಗುತ್ತದೆ. ಅದಕ್ಕೆ ತಕ್ಕಂತೆ ನನ್ನ ಶಿಫಾರಸು ಹೀಗಿದೆ. ಮೊದಲು 'ಗೋಕುಲ ನಿರ್ಗಮನ'. ಒಂದೇ ಸಂಜೆಗೆ, ಗಟ್ಟಿಯಾಗಿ ಓದಿ. ಆಮೇಲೆ 'ಮೈಸೂರ ಮಲ್ಲಿಗೆ'ಯ ಬೆನ್ನಿಗೇ 'ಶಿಲಾಲತೆ'. 'ಪಂಪಭಾರತ ದೀಪಿಕೆ'ಯನ್ನು ಮೇಜಿನ ಮೇಲಿಡಿ, ಅಟ್ಟದ ಮೇಲಲ್ಲ. ಕವಿಚರಿತೆಯನ್ನು ಕೊನೆಯಿಂದ ಮೊದಲಿಗೆ ಓದುವುದು ಯಾರಿಂದಲೂ ಸಾಧ್ಯವಿಲ್ಲ. ನಿಮ್ಮ ತಾಲ್ಲೂಕಿನ ಕವಿ ಯಾರಾದರೂ ಅದರಲ್ಲಿದ್ದಾರೆಯೇ ಎಂದು ಹುಡುಕಿ ನೋಡಿ. ಹುಡುಕುವಾಗ ಸಿಗುವ ನಾಲ್ಕಾರು ಹೆಸರುಗಳೇ ಆ ಪುಸ್ತಕದ ಲಾಭ. ಎಸ್.ಜಿ. ಅವರ ಹೆಸರು ಕಂಡಲ್ಲಿ ಒಂದು ಗಳಿಗೆ ನಿಲ್ಲಿ.

ಪುಸ್ತಕ ಕೊಳ್ಳುವಾಗ, ಕಡತಕ್ಕೆ ಹೆಸರಿಡುವಾಗ, ಗೆಳೆಯರಿಗೆ ಒಂದು ಪದ್ಯ ಕಳಿಸುವಾಗ ಇನಿಷಿಯಲ್ ಬಿಡಬೇಡಿ. ಆ ಎರಡು ಅಕ್ಷರಗಳಲ್ಲಿ ಒಂದು ಊರು, ಒಬ್ಬ ತಂದೆ, ಒಂದು ಜೀವಮಾನದ ಕೆಲಸ ಇದೆ.